ಒಳದನಿ

ನನಗೆ ಶ್ರುತಿ ನಿಲ್ಲುವುದಿಲ್ಲವೆಂದು
ಅಬ್ನೇರ್ ಮಾಸ್ಟ್ರಿಗೆ ಒಂದೇ ಸಾಲಿನಲ್ಲಿ ತಿಳಿಯಿತು.
"ಸಾಕು" ಅಂದರು. "ಓದಲು ಬರುತ್ತದಲ್ಲ?
ಇಲ್ಲಿ ಬಾ, ಹಾಳೆ ತಿರುಗಿಸು."
ಹಾಗೆ ಒಂಬತ್ತನೆಯ ವಯಸ್ಸಿಗೆ ನಾನು
ಮಂಜೇಶ್ವರದ ಚರ್ಚಿನ ಗಾಯನ ಮಂಡಳಿ ಸೇರಿದೆ,
ಬಾಯಿ ಮುಚ್ಚಿಕೊಂಡು.

ಅವರು ಹನ್ನೊಂದಕ್ಕೇ ಆ ಬೆಂಚು ಹತ್ತಿದವರಂತೆ.
ಕಾಲು ಎಟುಕದೆ, ಪೆಡಲಿಗೆ ಅವರಪ್ಪ
ಹಲಸಿನ ಮರದ ತುಂಡು ಕಟ್ಟಿಕೊಟ್ಟರಂತೆ.
ಮೊದಲ ಸಂಬಳ ಎಂಟು ರೂಪಾಯಿ, ವರುಷಕ್ಕೆ.
ಉಳಿದ ಆರು ದಿನ ಹಂಚಿನ ಕಾರ್ಖಾನೆಯಲ್ಲಿ
ಒಡೆದದ್ದೆಷ್ಟು, ಒಡೆಯದ್ದೆಷ್ಟು ಎಂದು ಬರೆಯುವ ಕೆಲಸ.
ಬೆರಳ ಗೆಣ್ಣಿನಿಂದ ತಟ್ಟಿ ಹೇಳುತ್ತಿದ್ದರು:
ಇದು ಬೆಂದಿದೆ, ಇದು ಬೆಂದಿಲ್ಲ.
ನಮ್ಮನ್ನೂ ಹಾಗೆಯೇ ತಟ್ಟಿ ನೋಡಿದರು.

ಕಡಲು ಕೂಗಳತೆಯಲ್ಲಿ. ಉಪ್ಪುಗಾಳಿಗೆ
ಆರ್ಗನ್ನಿನ ಹಿತ್ತಾಳೆ ನಾಲಗೆಗಳು ಹಸಿರು ಕಟ್ಟುತ್ತಿದ್ದವು.
ಆಟಿ ತಿಂಗಳಲ್ಲಿ ಬಿಳಿ ನಾಲ್ಕು ಒತ್ತಿದರೆ ಏಳದೆ
ಹಾಡಿನುದ್ದಕ್ಕೂ ಗೊಣಗುತ್ತಿತ್ತು.
ಶನಿವಾರ ರಾತ್ರಿ ಒಳಗೊಂದು ನಲವತ್ತು ವ್ಯಾಟಿನ ಬಲ್ಬು ಉರಿಸಿಟ್ಟು
ಬಾಣಂತಿಯನ್ನು ಕಾಯುವವರ ಹಾಗೆ ಪಕ್ಕದಲ್ಲೇ ಮಲಗುತ್ತಿದ್ದರು.
ತಿದಿಯನ್ನು ಇಲಿ ಕಡಿದ ವರ್ಷ
ಉಪ್ಪಳದ ಕೊಡೆ ರಿಪೇರಿಯ ಇದ್ದಿನಬ್ಬ
ಕಪ್ಪು ಬಟ್ಟೆ ಹೊಲಿದುಕೊಟ್ಟ. ಕಾಸು ಮುಟ್ಟಲಿಲ್ಲ.
"ಮಳೆ ತಡೆದ ಬಟ್ಟೆ ಮಾಸ್ಟ್ರೇ, ಗಾಳಿ ಹಿಡಿಯದೇ?"

ನಾಲ್ಕು ದನಿಗೂ ಅವರದೇ ಹೆಸರು:
ಮೇಲ್ದನಿ, ಒಳದನಿ, ನಡುದನಿ, ಅಡಿದನಿ.
ಅಡಿದನಿಗೆ ರೈಲ್ವೆ ಗೇಟಿನ ದಯಾನಿಧಿ ಸೋನ್ಸ್.
ಗೂಡ್ಸು ಬರುವ ಭಾನುವಾರ
ಅಡಿಯೇ ಇಲ್ಲದೆ ಹಾಡಬೇಕು.
ಒಳದನಿಗೆ ನರ್ಸ್ ಎಸ್ತೇರಮ್ಮ, ರಾತ್ರಿ ಪಾಳಿಯ ಕಣ್ಣಲ್ಲೇ.
"ಒಳದನಿ ಕೇಳಿಸಬಾರದು," ಎನ್ನುತ್ತಿದ್ದರು,
"ನಿಂತರೆ ಗೊತ್ತಾಗಬೇಕು."

ಜರ್ಮನಿಯಿಂದ ಹಡಗಿನಲ್ಲಿ ಬಂದ ರಾಗಗಳು.
ನೇರಳೆ ಶಾಯಿಯಲ್ಲಿ, ಡೊ ರೆ ಮಿ ಕನ್ನಡ ಅಕ್ಷರದಲ್ಲಿ,
ಅವರದೇ ಕೈಬರಹ.
ಹಾಳೆ ಬಿಡಿಸಲು ನಾನು ಬೆರಳಿಗೆ ಎಂಜಲು ಹಚ್ಚಿದರೆ
ತಲೆಗೆ ಮೊಟಕು: "ಇದೇನು ಬ್ಯಾಂಕಿನ ನೋಟೇ?"
ತಿರುಗಿಸುವ ಗಳಿಗೆಗೆ ಅವರ ಎಡ ಹುಬ್ಬು ಏಳುತ್ತಿತ್ತು.
ಇಪ್ಪತ್ತು ವರ್ಷ ನಾನು ಓದಿದ್ದು
ಸ್ವರವನ್ನಲ್ಲ, ಆ ಹುಬ್ಬನ್ನು.

ಮುನ್ನೂರು ಮದುವೆ. ಮಣ್ಣು ಎಷ್ಟೋ, ಲೆಕ್ಕ ಇಟ್ಟಿಲ್ಲ.
ಎಸ್ತೇರಮ್ಮನನ್ನು ಮಣ್ಣು ಮಾಡಿದ ದಿನ
ಮೂರೇ ದನಿಯಲ್ಲಿ ಹಾಡಿಸಿದರು.
ಬಲಗೈಯ ಹೆಬ್ಬೆರಳನ್ನು
ಅಂಗೈಯೊಳಗೆ ಮಡಚಿಟ್ಟುಕೊಂಡೇ ಬಾರಿಸಿದರು.
ಏನೋ ಸೋರಿಹೋದಂತೆ ಪಾದ್ರಿಯವರು
ತಲೆ ಎತ್ತಿ ಮಾಡಿನತ್ತ ನೋಡಿದರು.

ಹದಿನಾಲ್ಕಿದ್ದ ಮಂಡಳಿ ಒಂಬತ್ತಾಯಿತು, ಆಮೇಲೆ ನಾಲ್ಕು.
ಮಕ್ಕಳು ಓದುವುದು ಮಲಯಾಳದಲ್ಲಿ.
ಕನ್ನಡ ಆರಾಧನೆ ಎರಡನೆಯ ಭಾನುವಾರಕ್ಕೆ ಮಾತ್ರ
ಎಂದು ಸಭೆ ಕೈ ಎತ್ತಿದಾಗ
ಮಾಸ್ಟ್ರೂ ಎತ್ತಿದರೋ ಇಲ್ಲವೋ, ನಾನು ನೋಡಲಿಲ್ಲ.
ಹೊಸ ಕೀರ್ತನೆಯ ಪುಸ್ತಕ ತರಿಸಿ, ಬಿಡಿಸಿ, ನಕ್ಕರು:
"ಆಳು ಅದೇ, ಅಂಗಿ ಬೇರೆ."
ಎಪ್ಪತ್ತೊಂದನೆಯ ವಯಸ್ಸಿನಲ್ಲಿ
ಮೊಮ್ಮಗಳ ಸ್ಲೇಟಿನಲ್ಲಿ ಆ ಲಿಪಿ ತಿದ್ದಿದರು,
ಹಾಡುವವರು ಎಲ್ಲಿ ಉಸಿರೆಳೆಯುತ್ತಾರೆಂದು ತಿಳಿಯಲು.

ಈಗ ಗಲ್ಫಿನಿಂದ ಬಂದ ಕೀಬೋರ್ಡು. ಹುಡುಗ ಜಾಣ.
ಒಂದು ಗುಂಡಿಗೆ ತಾಳ, ಇನ್ನೊಂದಕ್ಕೆ ಪಿಟೀಲು.
ಹಳೆಯ ಆರ್ಗನ್ನಿನ ಮೇಲೆ ಹೂದಾನಿ,
ಹರಾಜಿಗೆ ಬಂದ ಬಾಳೆಗೊನೆ.
ಮಾಸ್ಟ್ರು ಮೂರನೆಯ ಬೆಂಚಿನಲ್ಲಿ,
ನಡುಗುವ ಕೈಗಳನ್ನು ತೊಡೆಯಡಿ ಅದುಮಿ.
ನಾನು ಎಡಕ್ಕೆ, ಹೆಂಗಸರ ಸಾಲಿನಲ್ಲಿ.
ಹುಡುಗ ಶುರುಮಾಡಿದ.
ಬೆಂಚಿನ ಕೆಳಗೆ ಅವರ ಚಪ್ಪಲಿ ಕಂಡವು:
ಎಡ, ಬಲ, ಎಡ, ಬಲ,
ಇಲ್ಲದ ತಿದಿಗೆ ಗಾಳಿ ತುಂಬುತ್ತಿದ್ದವು.
ಮೂರನೆಯ ಸಾಲು ಮುಗಿಯುತ್ತಿದ್ದಂತೆ
ಎಡ ಹುಬ್ಬು ಎದ್ದಿತು.
ನನ್ನ ಬೆರಳು ಆಗಲೇ
ನಾಲಗೆಯ ಮೇಲಿತ್ತು.